ಕೂರಲಾಗದ ಗೌನು

ಬೆನ್ನಿನ ಜಿಪ್ಪು ಸೊಂಟದವರೆಗೆ ಸಲೀಸಾಗಿ ಬಂದು ಅಲ್ಲಿ ಮೊಂಡುಹಠ ಹಿಡಿಯಿತು. ದರ್ಜಿ ಹೆಂಗಸು ಬಟ್ಟೆಯ ಎರಡೂ ಅಂಚುಗಳನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಎಳೆದಳು. ಉಸಿರು ಒಳಗೆ ಎಳೆದುಕೊಳ್ಳಮ್ಮ ಎಂದಳು. ಗುಂಡು ಎಳೆದುಕೊಂಡಳು. ಇನ್ನೂ ಸ್ವಲ್ಪ ಎಂದಳು. ಇನ್ನು ಎಳೆದುಕೊಳ್ಳಲು ಒಳಗೆ ಜಾಗವಿರಲಿಲ್ಲ.

ಗುಂಡು ಎನ್ನುವುದು ಅವಳ ಹೆಸರಲ್ಲ. ತೊಟ್ಟಿಲಲ್ಲಿದ್ದಾಗ ಅಮ್ಮ ಮುದ್ದಿಗೆ ಕರೆದದ್ದು, ಬೆಳೆಯುತ್ತಾ ಬೆಳೆಯುತ್ತಾ ಚುಚ್ಚುಮಾತಾಗಿ ನಿಂತದ್ದು. ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸ ಅವಳದು. ಹಿಟ್ಟಿನ ಮೂಟೆ ಹೊತ್ತು, ಕಬ್ಬಿಣದ ತಟ್ಟೆಗಳನ್ನು ಒಲೆಯೊಳಗೆ ತಳ್ಳಿ ತೋಳುಗಳು ಒನಕೆಯಂತಾಗಿದ್ದವು. ಆ ತೋಳುಗಳ ಬಗ್ಗೆ ಅವಳಿಗೆ ನಾಚಿಕೆಯಿರಲಿಲ್ಲ. ನಾಚಿಕೆಯನ್ನೆಲ್ಲ ಅಮ್ಮನೇ ಗುತ್ತಿಗೆ ಹಿಡಿದಿದ್ದಳು.

ಈ ಅಂಗಡಿಗೆ ಹೋದ ತಿಂಗಳೂ ಇವತ್ತಿನ ಹಾಗೆಯೇ ಮೂವರೂ ಬಂದಿದ್ದರು: ಅವಳು, ಅಮ್ಮ, ಚಿಕ್ಕಮ್ಮ. ಅರ್ಧ ದಿನ ಗೌನುಗಳನ್ನು ತೆಗೆಸಿ ನೋಡಿದ್ದರು. ಅಮ್ಮ ಎತ್ತಿ ಹಿಡಿದದ್ದೆಲ್ಲ ಜರಿ, ಮಣಿ, ಉಸಿರುಗಟ್ಟುವ ಸೊಂಟ. ಕೊನೆಗೆ ಗುಂಡು ಕೆನೆಬಣ್ಣದ, ಕಸೂತಿಯೇನೂ ಇಲ್ಲದ ರೇಷ್ಮೆ ಆರಿಸಿ, ಬೊಂಬೆಗೆ ತೊಡಿಸಿದ್ದ ಸಾದಾ ಮಾದರಿಯಲ್ಲೇ ಹೊಲಿಯಲು ಹೇಳಿದ್ದಳು. ಅವಳು ಕೇಳಿಕೊಂಡದ್ದು ಒಂದೇ: ಕೂತು ಹೊಟ್ಟೆ ತುಂಬ ಊಟ ಮಾಡುವಂತಿರಬೇಕು. ಮದುವೆಯಲ್ಲಿ ಊರಿಗೆಲ್ಲ ಊಟ, ಮದುವಣಗಿತ್ತಿಗೆ ಮಾತ್ರ ಉಪವಾಸ. ತನ್ನ ಮದುವೆಯಲ್ಲಿ ಹಾಗಾಗಕೂಡದು ಎಂದು ಅವಳು ಎಂದೋ ತೀರ್ಮಾನಿಸಿದ್ದಳು. ಮದುವೆಯಾಗುವ ಹುಡುಗನಿಗೂ ಹೇಳಿದ್ದಳು. ಹಾಗಾದರೆ ಮೊದಲ ಪಂಕ್ತಿಯಲ್ಲೇ ಕೂರೋಣ, ಆಮೇಲೆ ಏನೂ ಉಳಿಯಲ್ಲ ಎಂದು ಅವನು ನಕ್ಕಿದ್ದ.

ಈಗ ಕನ್ನಡಿಯಲ್ಲಿ ಅವಳ ಬೆನ್ನು ಅರ್ಧ ತೆರೆದ ಚೀಲದಂತೆ ಕಂಡಿತು. ಅವಳು ದಪ್ಪಗಾಗಿರಲಿಲ್ಲ. ಬೇಕರಿಯ ಏಪ್ರನ್ನಿನ ದಾರವನ್ನು ದಿನವೂ ಅದೇ ಗಂಟಿಗೆ ಕಟ್ಟುವವಳಿಗೆ ಅಷ್ಟು ತಿಳಿಯದೆ? ಹೊಲಿಗೆ ಬಿಚ್ಚಿ ಸ್ವಲ್ಪ ಸಡಿಲ ಮಾಡಿಕೊಡಿ ಎಂದಳು.

ದರ್ಜಿ ಪಕ್ಕದ ಹೊಲಿಗೆಯನ್ನು ಒಳಮಗ್ಗುಲಿಗೆ ತಿರುಗಿಸಿ ತೋರಿಸಿದಳು. ಯಾವ ದರ್ಜಿಯಾದರೂ ಹೊಲಿಗೆಯ ಒಳಗೆ ಒಂದಷ್ಟು ಬಟ್ಟೆ ಬಿಟ್ಟಿರುತ್ತಾಳೆ. ನಾಳೆ ಮೈ ತುಂಬಿದರೆ ಬಿಚ್ಚಿಕೊಳ್ಳಲಿ ಎಂದು. ಇಲ್ಲಿ ಅಂಚನ್ನು ಹೊಲಿಗೆಯ ಬುಡಕ್ಕೇ ಕತ್ತರಿಸಿ ಹಾಕಲಾಗಿತ್ತು.

"ಯಾಕೆ ಬಿಟ್ಟಿಲ್ಲ?"

ದರ್ಜಿ ಅಮ್ಮನ ಕಡೆ ನೋಡಿದಳು. ಅಮ್ಮ ಗಾಜಿನ ಪೆಟ್ಟಿಗೆಯಲ್ಲಿದ್ದ ಕೈಗವಸುಗಳನ್ನು ಹಿಂದೆಂದೂ ಕಾಣದವಳಂತೆ ನೋಡುತ್ತಿದ್ದಳು.

ಆಮೇಲೆ ಸಂಗತಿ ಒಂದೊಂದಾಗಿ ಹೊರಬಿತ್ತು. ಅಳತೆ ಕೊಟ್ಟ ಮಾರನೆಯ ದಿನ ಅಮ್ಮ ಒಬ್ಬಳೇ ಬಂದಿದ್ದಳಂತೆ. ಅಳತೆ ತಪ್ಪಾಗಿದೆ, ಇಷ್ಟು ಕಡಿಮೆ ಮಾಡಿ ಕತ್ತರಿಸಿ, ಮದುವೆ ಹೊತ್ತಿಗೆ ಅವಳು ಇಳಿಯುತ್ತಾಳೆ ಎಂದಿದ್ದಳಂತೆ. ದರ್ಜಿ ಹಾಗಾದರೆ ಒಳಗೆ ಬಟ್ಟೆ ಬಿಡುತ್ತೇನೆ ಎಂದರೆ ಅದೂ ಬೇಡ ಎಂದಿದ್ದಳಂತೆ. ದರ್ಜಿ ಇದನ್ನೆಲ್ಲ ನೆಲ ನೋಡುತ್ತಾ ಹೇಳಿದಳು. ತೊಡುವವಳನ್ನು ಒಂದು ಮಾತು ಕೇಳಬೇಕು ಎಂದು ಅವಳಿಗೂ ತೋಚಿರಲಿಲ್ಲ.

"ಬಟ್ಟೆ ಬಿಟ್ರೆ ನೀನು ಬಿಚ್ಚಿಸ್ತೀಯ. ನಿನ್ನನ್ನ ಹೆತ್ತವಳು ನಾನು, ನಂಗೆ ಗೊತ್ತಿಲ್ವಾ?" ಅಮ್ಮನ ದನಿಯಲ್ಲಿ ಸಿಕ್ಕಿಬಿದ್ದವರ ಅಳುಕು ಸ್ವಲ್ಪವೂ ಇರಲಿಲ್ಲ. "ಈಗ್ಲಾದ್ರೂ ಬಾಯಿ ಕಟ್ಟು. ನಿನ್ನ ಒಳ್ಳೇದಕ್ಕೇ ಮಾಡಿದ್ದು."

ಚಪ್ಪಲಿ ಚಿಕ್ಕದಾಯಿತು ಅಂತ ಕಾಲು ಕತ್ತರಿಸಿಕೊಂಡ ಹಾಗಾಯಿತಲ್ಲ ಅಕ್ಕ ಎಂದು ಚಿಕ್ಕಮ್ಮ ಗೊಣಗಿದಳು. ಅಮ್ಮ ಒಮ್ಮೆ ತಿರುಗಿ ನೋಡಿದಳು. ಚಿಕ್ಕಮ್ಮ ಕೈಚೀಲದಲ್ಲಿ ಏನೋ ಹುಡುಕತೊಡಗಿದಳು.

ಗುಂಡುವಿನ ಕಿವಿ ಬಿಸಿಯಾಯಿತು. ಸಿಟ್ಟು ಎಂದರೆ ಕೂಗಾಡುವುದು ಎಂದು ಅವಳು ತಿಳಿದಿದ್ದಳು. ಇದು ಹಾಗಿರಲಿಲ್ಲ. ಒಲೆಯ ಬಾಗಿಲು ತೆರೆದಾಗ ಬೆಂಕಿ ಕಾಣದೆ ಮುಖಕ್ಕೆ ಬಡಿಯುವ ಝಳದಂತಿತ್ತು. ಚಿಕ್ಕಂದಿನಿಂದ ಅಮ್ಮ ಅವಳ ತಟ್ಟೆಯಿಂದ ಎತ್ತಿಕೊಂಡ ತುತ್ತುಗಳೆಲ್ಲ ನೆನಪಾದವು. ನೆಂಟರ ಮುಂದೆ ಇವಳಿಗೆ ಇನ್ನು ಬಡಿಸಬೇಡಿ ಎಂದದ್ದು, ಬೇಕರಿ ಕೆಲಸ ಸಿಕ್ಕಾಗ ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಯಿತು ಎಂದು ನಕ್ಕದ್ದು. ಅವೆಲ್ಲ ಮಾತುಗಳು, ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದಳು. ಇದು ಕತ್ತರಿ. ದಾರಿಯೇ ಉಳಿಯದಂತೆ ನೋಡಿ ಕತ್ತರಿಸಿದ್ದು.

"ನಂಗೂ ನಮ್ಮಮ್ಮ ಹೀಗೇ ಹೊಲಿಸಿದ್ಲು ಕಣೇ," ಅಮ್ಮ ಎಂದಳು. "ನಾನೇನು ಸತ್ತೋದ್ನಾ? ಹೇಗೆ ಕಾಣ್ತಿದ್ದೆ ಅಂತ ಫೋಟೋ ನೋಡು."

ಅಮ್ಮನ ಮದುವೆಯ ಫೋಟೋಗಳು ಗುಂಡುವಿಗೆ ಬಾಯಿಪಾಠ. ಅಪ್ಪ ಕುರ್ಚಿಯಲ್ಲಿ, ಅಮ್ಮ ಪಕ್ಕದಲ್ಲಿ ನಿಂತು. ಅಜ್ಜಿ ಸೋಫಾದಲ್ಲಿ, ಅಮ್ಮ ಹಿಂದೆ ನಿಂತು. ಊಟದ ಮೇಜಿನ ಸುತ್ತ ಎಲ್ಲರೂ ಕೂತು ಬಾಯಾಡಿಸುತ್ತಿದ್ದರೆ ಅಮ್ಮ ಒಬ್ಬಳೇ ಮೇಜಿನ ಕೊನೆಯಲ್ಲಿ ಕಡ್ಡಿಯಂತೆ ನಿಂತಿದ್ದಳು. ನಮ್ಮಕ್ಕನ ಗತ್ತು ನೋಡು, ರಾಣಿ ಹಾಗೆ ನಿಂತಿದಾಳೆ ಎಂದು ಚಿಕ್ಕಮ್ಮ ಪ್ರತಿಸಲ ಹೇಳುತ್ತಿದ್ದಳು.

"ಅಮ್ಮ, ಅವತ್ತು ನೀನು ಒಂದು ಸಲನಾದ್ರೂ ಕೂತ್ಯಾ?"

ಅಮ್ಮ ಮತ್ತೆ ಗಾಜಿನ ಪೆಟ್ಟಿಗೆಯ ಕಡೆ ತಿರುಗಿದಳು.

"ಊಟ ಮಾಡಿದ್ಯಾ?"

"ಮದುವೆ ದಿನ ಯಾರಿಗೆ ಹಸಿವಾಗತ್ತೆ?" ಎಂದಳು ಅಮ್ಮ, ಈ ಸಲ ಮೆಲ್ಲಗೆ.

ಕರುಣೆ ಬರಬೇಕಿತ್ತು. ಬರಲಿಲ್ಲ. ಬಂದದ್ದು ಮತ್ತಷ್ಟು ಸಿಟ್ಟು. ಗೊತ್ತಿದ್ದೂ, ಪಕ್ಕೆಲುಬಿಗೆ ಹೊಲಿಗೆ ಒತ್ತಿದ ನೋವು ಮೈಗೆ ನೆನಪಿದ್ದೂ, ಇವಳು ಒಬ್ಬಳೇ ಹೊರಟು ಬಂದು, ಇದೇ ಕೌಂಟರಿನ ಮುಂದೆ ನಿಂತು, ಅಂಚನ್ನೂ ಉಳಿಸಬೇಡಿ ಎಂದಿದ್ದಳು.

ಗುಂಡು ದರ್ಜಿಯ ಕಡೆ ತಿರುಗಿದಳು. ಇದೇ ರೇಷ್ಮೆ ಇನ್ನೂ ಇದೆಯೇ? ಇಲ್ಲ, ಆ ಥಾನು ಮುಗಿದಿತ್ತು. ಅದಕ್ಕೆ ಹೊಂದುವ ಬಣ್ಣ? ಅದೂ ಇರಲಿಲ್ಲ. ಏನಿದೆ ಎಂದು ಕೇಳಿದರೆ ದರ್ಜಿ ಹಿಂಜರಿಯುತ್ತಾ ಮೂಲೆಯ ಕಪಾಟಿನಿಂದ ಕಡುನೀಲಿ ಬಟ್ಟೆಯ ಸುರುಳಿ ತಂದಳು. ಇದು ಎದ್ದು ಕಾಣುತ್ತದೆ ಎಂದಳು.

"ಎರಡೂ ಪಕ್ಕ ಹಾಕಿ. ಕಂಕುಳಿಂದ ಕೆಳಗಿನವರೆಗೂ ಅಗಲವಾಗಿ."

"ತೇಪೆ ಹಾಕಿದ ಗೌನಲ್ಲಿ ಮದುವೆ ಆಗ್ತೀಯಾ?" ಅಮ್ಮನ ದನಿ ಈಗ ಏರಿತು. "ಬಂದವರೆಲ್ಲ ಏನಿದು ಅಂತ ಕೇಳಲ್ವಾ? ನನ್ನ ಮಾನ ಏನಾಗ್ಬೇಕು?"

"ಕೇಳಲಿ. ಕೇಳಿದವರಿಗೆಲ್ಲ ನಾನೇ ಹೇಳ್ತೀನಿ, ಅಲ್ಲಿ ಯಾಕೆ ಬಟ್ಟೆ ಸಾಲಲಿಲ್ಲ ಅಂತ."

 ಚಿಕ್ಕಮ್ಮ ಕೈಚೀಲದಲ್ಲಿ ಹುಡುಕುವುದನ್ನು ನಿಲ್ಲಿಸಿದ್ದಳು.

ದರ್ಜಿ ಇಕ್ಕೆಲದ ಹೊಲಿಗೆಗಳನ್ನು ಉದ್ದಕ್ಕೂ ಬಿಚ್ಚಿದಳು. ನೀಲಿ ಬಟ್ಟೆಯನ್ನು ಪಟ್ಟಿಯಾಗಿ ಕತ್ತರಿಸಿ, ಗೌನನ್ನು ಮತ್ತೆ ತೊಡಿಸಿ, ಪಿನ್ನು ಚುಚ್ಚುತ್ತಾ ಬಂದಳು. ಜಿಪ್ಪು ಕುತ್ತಿಗೆಯವರೆಗೆ ತಾನಾಗಿ ಏರಿತು. ಕನ್ನಡಿಯಲ್ಲಿ ಕೆನೆಬಣ್ಣದ ನಡುವೆ ಎರಡು ನೀಲಿ ಪಟ್ಟಿಗಳು. ಚೆನ್ನಾಗಿ ಕಾಣುತ್ತಿದೆ ಎಂದು ಯಾರೂ ಹೇಳಲಿಲ್ಲ, ಅವಳಿಗೂ ಹಾಗೆ ಅನ್ನಿಸಲಿಲ್ಲ. ಹಾಕಿಕೊಳ್ಳುವುದಂತೂ ಇದನ್ನೇ.

ಕನ್ನಡಿಯ ಎದುರು ಎರಡು ಕುರ್ಚಿಗಳಿದ್ದವು. ಪಿನ್ನು ಚುಚ್ಚುತ್ತೆ, ಹುಷಾರು ಎಂದು ದರ್ಜಿ ಅನ್ನುತ್ತಿದ್ದಂತೆಯೇ ಗುಂಡು ಒಂದರಲ್ಲಿ ಕೂತಳು. ಬೆನ್ನಿಗೆ ಒರಗಿ, ಹೊಟ್ಟೆ ಸಡಿಲಬಿಟ್ಟು ಉಸಿರಾಡಿದಳು. ಎಲ್ಲೂ ಒತ್ತಲಿಲ್ಲ.

ಅಮ್ಮ ಅವಳ ಪಕ್ಕದಲ್ಲಿ ನಿಂತೇ ಇದ್ದಳು. ಇನ್ನೊಂದು ಕುರ್ಚಿ ಖಾಲಿಯಿತ್ತು. ಕೂತ್ಕೋ ಎಂದು ಗುಂಡು ಅನ್ನಲಿಲ್ಲ.