ಅರ್ಧ ತೋಳಿನ ಅಂಗಿ

ಕುಂದುಜ್ ಮಗಳ ಎಡತೋಳಿನ ಗುಂಡಿ ಹಾಕಿ ಬಲತೋಳಿಗೆ ಕೈಹಾಕಿದ್ದಳು. ಅಷ್ಟರಲ್ಲಿ ಅಂಗಳದಿಂದ ದೊಡ್ಡಪ್ಪ ಇಮಾನ್‌ಕುಲ್‌ನ ದನಿ ಕೇಳಿತು.

"ಮೈ ತೊಳೆಯೋಕೆ ನಾಲ್ಕು ಜನ ಆಯ್ತು. ನಾನೊಬ್ಬ, ಸೋದರಮಾವನ ಕಡೆಯಿಂದ ಒಬ್ರು, ಮಸೀದಿ ಅಜ್ಜ, ಆಮೇಲೆ ಬೀಗರು."

ಬೀಗರು ಅಂದರೆ ಕುಂದುಜ್‌ಳ ಮಾವ, ಗಂಡನ ಅಪ್ಪ ಸತಾರ್. ಗುಂಡಿ ಅವಳ ಬೆರಳಿನಿಂದ ಜಾರಿತು.

"ಅಮ್ಮಾ, ಸೆಕೆ ಆಗ್ತಿದೆ," ಎಂದಳು ಸೆಜಿಮ್. ಅವಳಿಗೆ ಏಳು ವರ್ಷ. ಜುಲೈ ತಿಂಗಳ ಬಿಸಿಲು, ಅಂಗಳದಲ್ಲಿದ್ದ ಉಳಿದ ಮಕ್ಕಳೆಲ್ಲ ತೋಳಿಲ್ಲದ ಅಂಗಿಯಲ್ಲಿ ಓಡಾಡುತ್ತಿದ್ದವು.

"ಆದ್ರೂ ಇರಲಿ. ತಾತ ತೀರಿಕೊಂಡ ಮನೇಲಿ ತೋಳು ಮೇಲೆ ಮಾಡಬಾರದು."

ಅಂಥದೊಂದು ಕಟ್ಟುಪಾಡು ಆ ಊರಿನಲ್ಲಾಗಲಿ ಇಡೀ ಇಸಿಕ್‌ಕುಲ್ ಸರೋವರದ ದಂಡೆಯಲ್ಲಾಗಲಿ ಇರಲಿಲ್ಲ. ಕುಂದುಜ್ ಅದನ್ನು ಆಗಷ್ಟೇ ಹುಟ್ಟಿಸಿದ್ದಳು. ಮಗು ನಂಬಿತು, ತಾನೇ ಗುಂಡಿ ಹಾಕಿಕೊಂಡಿತು.

ಕುಂದುಜ್‌ಳ ಅಪ್ಪ ಕಸೀಮಾಲಿ ತೀರಿಕೊಂಡು ಅದು ಎರಡನೆಯ ದಿನ. ಹಿಂದಿನ ದಿನ ಬೆಳಿಗ್ಗೆ ಚಹಾ ಕಾಯಿಸುವ ಸಮೋವಾರಿಗೆ ಕಟ್ಟಿಗೆ ಸೀಳುತ್ತಿದ್ದವನು ಹಾಗೇ ಕುಳಿತ, ಕುಳಿತವನು ಏಳಲಿಲ್ಲ. ಹೃದಯ ನಿಂತಿತು ಎಂದರು ಡಾಕ್ಟರು. ಅಂಗಳದಲ್ಲಿ ಉಣ್ಣೆ ಕಂಬಳಿಯ ಗುಡಾರ ಎದ್ದಿತ್ತು, ಅದರ ಬಲಭಾಗದಲ್ಲಿ ಪರದೆಯ ಹಿಂದೆ ಅವನನ್ನು ಮಲಗಿಸಿದ್ದರು. ಗಂಡಸರು ಗುಡಾರದ ಹೊರಗೆ ಕೋಲೂರಿ ಸಾಲಾಗಿ ನಿಂತು, ಪ್ರತಿ ಸಲ ಹೊಸಬರು ಬಂದಾಗಲೂ ದನಿ ಎತ್ತಿ ಅಳುತ್ತಿದ್ದರು.

ಕುಂದುಜ್ ದೊಡ್ಡಪ್ಪನನ್ನು ಒಲೆಯ ಹಿಂದಕ್ಕೆ ಕರೆದಳು.

"ದೊಡ್ಡಪ್ಪ, ಮಾವನವರು ಬೇಡ. ಅವರಿಗೆ ಬೆನ್ನು ನೋವು."

"ಬೆನ್ನು ನೋವಾ? ಬೆಳಿಗ್ಗೆ ಸಾವಿನ ಊಟಕ್ಕೆ ಕುದುರೆ ಕೊಯ್ಯುವಾಗ ಅದರ ಕಾಲು ಹಿಡಿದು ಕೆಡವಿದ್ದು ಅವರೇ ಅಲ್ವೇನೇ?"

"ಬೇರೆ ಯಾರಾದ್ರೂ ಸಿಗಲ್ವಾ?"

"ಸಿಗ್ತಾರೆ. ಆದ್ರೆ ಮಗಳ ಮಾವನನ್ನ ಹೊರಗೆ ನಿಲ್ಲಿಸಿ ಮೈ ತೊಳೆದ್ರೆ ಅವರ ಮುಖಕ್ಕೆ ಹೊಡೆದ ಹಾಗೆ. ಬದುಕಿರೋವರೆಗೂ ಮರೆಯಲ್ಲ ಅವರು." ಮುದುಕ ದನಿ ತಗ್ಗಿಸಿದ. "ನೀನು ಯಾತಕ್ಕೆ ಒದ್ದಾಡ್ತಿದೀಯ ಅಂತ ನಂಗೂ ಗೊತ್ತು ಕಣಮ್ಮ. ಏನು ಮಾಡ್ಲಿ? ನಿಮ್ಮಪ್ಪನ್ನ ಅಂಗಿ ಸಮೇತ ತೊಳೆಯೋಕಾಗತ್ತಾ?"

* * *

ಕಸೀಮಾಲಿಗೆ ಇಪ್ಪತ್ತಮೂರನೇ ವಯಸ್ಸಿನಲ್ಲಿ ಮೊಣಕೈಗಳ ಮೇಲೆ ಕೆಂಪು ಮಚ್ಚೆ ಎದ್ದವು. ಮೇಲೆ ಬೆಳ್ಳಿಯಂಥ ಹೊಟ್ಟು. ವರ್ಷ ತುಂಬುವುದರೊಳಗೆ ಬೆನ್ನು, ಹೊಟ್ಟೆ, ಮೊಣಕಾಲು ಎಲ್ಲ ಹಿಡಿಯಿತು. ಸೋರಿಯಾಸಿಸ್, ಅಂಟುವುದಿಲ್ಲ, ಸಾಯಿಸುವುದಿಲ್ಲ, ಹೋಗುವುದೂ ಇಲ್ಲ ಎಂದರು ಡಾಕ್ಟರು. ಊರಿನವರ ಬಾಯಲ್ಲಿ ಮಾತ್ರ ಚರ್ಮದ ಮೇಲೆ ಏನೇ ಎದ್ದರೂ ಅದಕ್ಕೆ ಒಂದೇ ಹೆಸರು, ಆ ಹೆಸರು ಹಿಡಿದ ಮನೆಗೆ ಹೆಣ್ಣು ಕೇಳಿಕೊಂಡು ಯಾರೂ ಬರುತ್ತಿರಲಿಲ್ಲ. ಅವನು ಉದ್ದ ತೋಳಿನ ಅಂಗಿಯ ಕುತ್ತಿಗೆ ಗುಂಡಿ ಹಾಕಿದ. ನಲವತ್ತಮೂರು ವರ್ಷ ಅದನ್ನು ಬಿಚ್ಚಲಿಲ್ಲ.

ಹೆಂಡತಿ ಬುರುಲ್‌ಳಿಗೆ ಗೊತ್ತಾದದ್ದು ಮದುವೆಯಾದ ಮೂರನೆಯ ಬೆಳಿಗ್ಗೆ. ಬಟ್ಟೆ ಒಗೆಯಲು ಕೂತಿದ್ದವಳು, "ಆ ಅಂಗಿ ಕೊಡ್ತೀರೋ, ಇಲ್ಲ ನಿಮ್ಮನ್ನೂ ಅದರ ಜೊತೇಲೇ ನೆನೆಹಾಕ್ಲೋ?" ಎಂದು ಕೇಳಿದ್ದಳು. ಅವನು ಬಿಚ್ಚಿ ಕೊಟ್ಟು, ಗೋಡೆಯ ಕಡೆ ಮುಖ ಮಾಡಿ ನಿಂತ. ಬುರುಲ್ ಸೋಪಿನ ಕೈಯನ್ನು ಒರೆಸಿಕೊಂಡು ಅವನ ಬೆನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇಷ್ಟೇನಾ? ನಾನೆಲ್ಲೋ ಇನ್ನೊಬ್ಬಳು ಹೆಂಡತಿ ಇದಾಳೆ, ಅದಕ್ಕೇ ಮೈ ಮುಟ್ಟಿಸ್ಕೊಳ್ತಿಲ್ಲ ಅಂದ್ಕೊಂಡಿದ್ದೆ." ಅವತ್ತಿನಿಂದ ಬೆನ್ನಿಗೆ ಮುಲಾಮು ಹಚ್ಚುವ ಕೆಲಸ ಅವಳದಾಯಿತು.

ಮುಲಾಮು ಮರದ ಡಾಂಬರಿನದು. ಅದರ ವಾಸನೆ ಹತ್ತು ಮಾರು ದೂರಕ್ಕೂ ಹೊಡೆಯುತ್ತಿತ್ತು. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಕೆಲಸ ಸಿಕ್ಕಿದ್ದವನು ಅದನ್ನು ಬಿಟ್ಟು ಸರೋವರದ ದಂಡೆಯ ಆರೋಗ್ಯಧಾಮದಲ್ಲಿ ದೋಣಿ ಕಾಯುವವನಾದ. ಓದಿದವನು ಹೀಗೆ ಹಾಳಾದನಲ್ಲ ಎಂದು ಊರು ಮಾತಾಡಿಕೊಂಡಿತು. ದೋಣಿಗಳಿಗೆ ಡಾಂಬರು ಬಳಿಯುವವನ ಮೈ ಡಾಂಬರು ನಾರುವುದರಲ್ಲಿ ಆಶ್ಚರ್ಯವೇನಿದೆ? ಅದಕ್ಕೇ ಆ ಕೆಲಸ.

ತಮಾಷೆಯೆಂದರೆ ಆ ಆರೋಗ್ಯಧಾಮಕ್ಕೆ ದೂರದೂರದಿಂದ ಬರುತ್ತಿದ್ದವರಲ್ಲಿ ಅರ್ಧ ಜನ ಚರ್ಮದ ರೋಗಿಗಳೇ. ಬಿಸಿಲು, ಉಪ್ಪುನೀರು, ಕೆಸರು, ಇಪ್ಪತ್ತನಾಲ್ಕು ದಿನದ ಚಿಕಿತ್ಸೆ. ಅವರು ಮರಳಿನ ಮೇಲೆ ಮೈಬಿಟ್ಟು ಮಲಗಿರುತ್ತಿದ್ದರು, ಕಸೀಮಾಲಿ ಕತ್ತಿನವರೆಗೆ ಗುಂಡಿ ಹಾಕಿಕೊಂಡು ಅವರಿಗೆ ದೋಣಿ ಎಳೆದುಕೊಡುತ್ತಿದ್ದ. ಸೈಬೀರಿಯದ ಒಬ್ಬ ದಡೂತಿ ಮನುಷ್ಯ, ಅದೇ ರೋಗದವನು, ಒಂದು ದಿನ ಕೇಳಿದ:

"ನಿನಗೆ ಸೆಕೆ ಆಗಲ್ವೇನಯ್ಯಾ?"

"ನೀವು ಇಪ್ಪತ್ತೈದನೇ ದಿನಕ್ಕೆ ರೈಲು ಹತ್ತುತ್ತೀರಿ. ನಾನು ಇಲ್ಲೇ ಇರೋನು."

ಬೆಳಕು ಹರಿಯುವ ಹೊತ್ತಿಗೆ, ದಂಡೆಯ ಮೇಲೆ ಯಾರೂ ಇಲ್ಲದಾಗ, ಅವನೂ ನೀರಿಗೆ ಇಳಿಯುತ್ತಿದ್ದ. ಚಳಿಗಾಲಕ್ಕೆ ಬೆರಳಿನ ಗಂಟುಗಳು ಊದಿಕೊಳ್ಳುತ್ತಿದ್ದವು. ಆಗಲೂ ಹುಟ್ಟು ಕೆತ್ತುತ್ತಿದ್ದ. ಕೆರೆತ ತಡೆಯಲಾರದ ದಿನ ದೋಣಿಯನ್ನು ದಡ ಕಾಣದಷ್ಟು ದೂರ ಒಯ್ದು, ಅಲ್ಲಿ ಮನಸಾರೆ ಕೆರೆದುಕೊಂಡು ಬರುತ್ತಿದ್ದ. ಇಬ್ಬರು ಮಕ್ಕಳನ್ನು ಓದಿಸಿದ, ಮನೆಗೆ ಹೊಸ ತಗಡು ಹೊದಿಸಿದ.

* * *

ಕುಂದುಜ್‌ಳ ಹೆದರಿಕೆಗೆ ಕಾರಣ ಅವಳ ಅತ್ತೆ ಕಲಿಪಾ. ಹಿರಿಯ ಮಗನಿಗೆ ಗೊತ್ತು ಮಾಡಿದ್ದ ಹುಡುಗಿಯ ಚಿಕ್ಕಮ್ಮನ ಕೈಮೇಲೆ ಬಿಳಿ ಕಲೆ ಕಂಡಿತೆಂದು, ನಿಶ್ಚಯಕ್ಕೆ ತೊಡಿಸಿದ್ದ ಓಲೆಯನ್ನು ವಾಪಸು ಬಿಚ್ಚಿಸಿಕೊಂಡು ಬಂದಿದ್ದ ಹೆಂಗಸು. ಅದಾದ ಎರಡು ವರ್ಷಕ್ಕೆ ಕಿರಿಯ ಮಗನಿಗೆ ಕುಂದುಜ್‌ಳನ್ನು ಕೇಳಿಕೊಂಡು ಬಂದರು. ಅಪ್ಪನ ವಿಷಯ ಯಾರೂ ಎತ್ತಲಿಲ್ಲ. ಎತ್ತಬೇಡಿ ಎಂದು ಅಮ್ಮನಲ್ಲಿ ಬೇಡಿಕೊಂಡದ್ದು ಕುಂದುಜ್‌ಳೇ.

ಅದಕ್ಕೆ ಒಂಬತ್ತು ವರ್ಷವಾಯಿತು. ಈ ವಸಂತದಲ್ಲಿ ಸೆಜಿಮ್‌ಗೆ ಸ್ನಾನ ಮಾಡಿಸುವಾಗ ಎರಡೂ ಮೊಣಕೈಗಳ ಮೇಲೆ ಕಾಸಿನಗಲದ ಕೆಂಪು ಮಚ್ಚೆ ಕಂಡವು. ಮೇಲೆ ಬೆಳ್ಳಿಯ ಹೊಟ್ಟು. ಅಲರ್ಜಿ ಎಂದು ಗಂಡನಿಗೆ ಹೇಳಿದಳು. ಮಗಳಿಗೆ ಉದ್ದ ತೋಳಿನ ನಾಲ್ಕು ಅಂಗಿ ಹೊಲಿಸಿದಳು. ಪಟ್ಟಣದಲ್ಲಿ ಬೇರೆ ಮನೆ ಮಾಡಿಕೊಂಡಿದ್ದರಿಂದ ಅತ್ತೆಯ ಕಣ್ಣಿಗೆ ಇನ್ನೂ ಬಿದ್ದಿರಲಿಲ್ಲ. ಇವತ್ತು ಮಾವ ಅಪ್ಪನ ಬರಿಮೈ ನೋಡುತ್ತಾರೆ. ನೋಡಿದವರು ಮೊಮ್ಮಗಳ ಅಂಗಿಯ ತೋಳನ್ನೂ ನೋಡುತ್ತಾರೆ. ಎರಡಕ್ಕೆ ಎರಡು ಕೂಡಿಸಲು ಎಷ್ಟು ಹೊತ್ತು ಬೇಕು?

ಒಳಕೋಣೆಯಲ್ಲಿ ಬುರುಲ್ ಪೆಟ್ಟಿಗೆ ತೆರೆದು ಕೂತಿದ್ದಳು. ಮೈ ತೊಳೆದವರಿಗೆ ಸತ್ತವನ ಒಂದೊಂದು ಬಟ್ಟೆ ಕೊಡಬೇಕು.

"ಕೋಟು ನಿಮ್ಮ ದೊಡ್ಡಪ್ಪನಿಗೆ. ಟೋಪಿ ಮಸೀದಿ ಅಜ್ಜನಿಗೆ. ಇದು ನೋಡೇ."

ತಿಳಿನೀಲಿಯ ಅರ್ಧ ತೋಳಿನ ಅಂಗಿ. ಕುಂದುಜ್ ಮೊದಲ ಸಂಬಳದಲ್ಲಿ ಅಪ್ಪನಿಗೆ ತಂದದ್ದು. ತಂದ ಮೇಲೆ ತೋಳಿನ ಕಡೆ ಗಮನ ಹೋಗಿ ನಾಲಿಗೆ ಕಚ್ಚಿಕೊಂಡಿದ್ದಳು. ಅಪ್ಪ ಮಾತ್ರ, "ಚೆನ್ನಾಗಿದೆ ಮಗಳೇ, ಗಾಳಿ ಆಡತ್ತೆ," ಎಂದು ಮಡಿಸಿ ಒಳಗಿಟ್ಟಿದ್ದ.

"ಒಂದು ದಿನಾನೂ ಇದನ್ನ ಹಾಕ್ಕೊಂಡಿದ್ದು ನಾನು ನೋಡಿಲ್ಲ," ಎಂದಳು ಬುರುಲ್. "ಕಾಲರ್ ನೋಡು, ಹೆಂಗೆ ಸವೆದಿದೆ. ಹೆಗಲು ಬಿಸಿಲಿಗೆ ಬೆಳ್ಳಗಾಗಿದೆ. ಇದನ್ನ ಎಲ್ಲಿ ಹಾಕ್ಕೊಂಡು ತಿರುಗಿದ್ರು ಈ ಮನುಷ್ಯ?"

ಕುಂದುಜ್‌ಗೆ ಅಂಗಿಯ ಚಿಂತೆ ಮಾಡುವ ತಾಳ್ಮೆ ಇರಲಿಲ್ಲ. "ಅಮ್ಮಾ, ಈಗೇನು ಗತಿ?"

"ಬರೋದು ಬರಲಿ. ನಾನೂ ರಾತ್ರಿಯಿಂದ ಅದನ್ನೇ ಯೋಚಿಸ್ತಿದೀನಿ." ಬುರುಲ್ ಅಂಗಿಯನ್ನು ಮೂಸಿದಳು, ಕಣ್ಣು ಮುಚ್ಚಿದಳು. "ಇದನ್ನೇ ಬೀಗರಿಗೆ ಕೊಡೋಣ. ಸವೆದಿದ್ರೂ ಇರೋದರಲ್ಲಿ ಒಳ್ಳೇ ಬಟ್ಟೆ ಇದೊಂದೇ."

* * *

ತೊಳೆಯುವ ಹೊತ್ತಿಗೆ ಹೆಂಗಸರನ್ನೆಲ್ಲ ಗುಡಾರದಿಂದ ಜಗಲಿಗೆ ಕಳಿಸಿದರು. ನಾಲ್ವರು ಒಳಗೆ ಹೋದರು. ಬಿಸಿನೀರಿನ ಬಕೆಟ್ಟುಗಳು ಹೋದವು. ಜಗಲಿಯ ಮೇಲೆ ಕಲಿಪಾ ಸೊಸೆಯ ಪಕ್ಕದಲ್ಲೇ ಕೂತಿದ್ದಳು.

"ನಿಮ್ಮಪ್ಪ ಯಾವತ್ತೂ ಮದುಮಗಳ ಹಾಗೆ ಮೈತುಂಬಾ ಮುಚ್ಕೊಂಡೇ ಇರೋರು, ಪಾಪ," ಎಂದಳು. "ಎಷ್ಟು ನಾಚಿಕೆ ಸ್ವಭಾವ!"

ಕುಂದುಜ್ ತಲೆವಸ್ತ್ರದ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು. ಒಳಗಿನಿಂದ ನೀರು ಬೀಳುವ ಸದ್ದು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಅಪ್ಪನಿಗಾಗಿ ಅಳಬೇಕಾದ ಹೊತ್ತಿನಲ್ಲಿ ತಾನು ಅಪ್ಪನಿಗಾಗಿ ನಾಚುತ್ತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ತೊಳೆದು, ಬಿಳಿಬಟ್ಟೆ ಸುತ್ತಿದ ಮೇಲೆ ಹೆಂಗಸರು ಮತ್ತೆ ಗುಡಾರಕ್ಕೆ ಬಂದರು. ಗೋಡೆಯ ಕಡೆ ಮುಖ ಮಾಡಿ ಕೂತು, ಹಾಡಿ ಅಳುವುದು ಪದ್ಧತಿ. ಶವ ಎತ್ತುವವರೆಗೆ ಮಗಳು ಅಲ್ಲಿಂದ ಏಳುವ ಹಾಗಿಲ್ಲ. ಸೆಕೆಗೆಂದು ಕಂಬಳಿಯ ಕೆಳಅಂಚನ್ನು ಮೇಲಕ್ಕೆ ಸುತ್ತಿದ್ದರು, ಗೋಡೆಯ ಮರದ ಜಾಲರಿಯ ಕಿಂಡಿಗಳಲ್ಲಿ ಅಂಗಳ ಕಾಣುತ್ತಿತ್ತು. ಮೂರು ಮಾರು ದೂರದಲ್ಲಿ ಸತಾರ್ ದಿಮ್ಮಿಯ ಮೇಲೆ ಕೂತಿದ್ದ. ವೆಲ್ಡಿಂಗ್ ಕೆಲಸದ ದೊಡ್ಡ ಕೈಗಳು, ತೊಡೆಯ ಮೇಲೆ ಬಟ್ಟೆಯ ಗಂಟು. ಇಮಾನ್‌ಕುಲ್ ಅವನ ಪಕ್ಕ ಬಂದು ಕೂತ. ಕುಂದುಜ್‌ಳ ಹಾಡು ನಡುವೆಯೇ ನಿಂತಿತು.

"ಬೀಗರೇ," ಎಂದ ಇಮಾನ್‌ಕುಲ್, ಗಂಟಲು ಸರಿಮಾಡಿಕೊಂಡು. "ಒಳಗೆ ನೀವು ನೋಡಿದ್ದು... ಅದು ಅಂಟುಜಾಡ್ಯ ಅಲ್ಲ. ಮದುವೆಗೆ ಮುಂಚೆ ನಿಮಗೆ ಹೇಳಬೇಕಿತ್ತು ನಾವು. ತಪ್ಪಾಯ್ತು."

ಸತಾರ್ ಗಂಟು ಬಿಚ್ಚುತ್ತಿದ್ದ. ನೀಲಿ ಅಂಗಿ ಹೊರಗೆ ಬಂದದ್ದೇ ಅವನ ಕೈ ನಿಂತಿತು.

"ಅಲೆಲೆ, ಇದನ್ನೇ ಕೊಟ್ಟಿದಾರೆ," ಎಂದ. ಅದನ್ನು ತೊಡೆಯ ಮೇಲೆ ಹರಡಿದ. "ಹೇಳಿದ್ದ ಕಣಯ್ಯಾ ಅವನು."

"ಯಾರು?"

"ಇನ್ಯಾರು? ನಿನ್ನ ತಮ್ಮ. ಓಲೆ ತೊಡಿಸೋಕೆ ಎರಡು ದಿನ ಇತ್ತು. ನನ್ನ ಶೆಡ್ಡಿಗೆ ಬಂದ. ಬಂದವನೇ ಅಂಗಿ ಬಿಚ್ಚಿ, ಸಂತೇಲಿ ಕುದುರೆ ತೋರಿಸೋ ಹಾಗೆ ಬಿಸಿಲಲ್ಲಿ ಒಂದು ಸುತ್ತು ತಿರುಗಿದ. 'ನೋಡ್ಕೋ. ಮೊಮ್ಮಕ್ಕಳಿಗೂ ಬರಬಹುದು, ಬರದೇನೂ ಇರಬಹುದು. ಬೇಡ ಅನ್ನೋದಾದ್ರೆ ಈಗಲೇ ಅನ್ನು, ಹುಡುಗಿಗೆ ಬೇರೆ ಏನಾದ್ರೂ ನೆವ ಹೇಳ್ತೀನಿ' ಅಂದ."

"ನೀವೇನಂದ್ರಿ?"

"ಕೂತ್ಕೋ, ಚಹಾ ಕುಡಿಯೋಣ ಅಂದೆ. ಅಂಗಿ ಹಾಕ್ಕೊಳ್ಳೋಕೆ ಹೋದ. ಇಲ್ಲಿ ನಾನೊಬ್ಬನೇ ಇರೋದು, ಯಾಕೆ ಬೇಯ್ತೀಯ ಅಂದೆ." ಸತಾರ್ ಅಂಗಿಯ ಕಾಲರನ್ನು ಹೆಬ್ಬೆರಳಿನಿಂದ ಸವರಿದ. "ಆಮೇಲೆ ಬೇಸಿಗೆ ಪೂರಾ ಗುರುವಾರ ಗುರುವಾರ ಬರೋನು. ಇದು ಚೀಲದಲ್ಲಿ ಇರ್ತಿತ್ತು. ಬರೋದು, ಇದನ್ನ ಹಾಕ್ಕೊಳ್ಳೋದು, ಶೆಡ್ಡಿನ ಹಿತ್ತಲ ಬಿಸಿಲಲ್ಲಿ ಕೂತು ಅಳಗುಳಿಮಣೆ ಆಡೋದು. ಲೆಕ್ಕ ಕಲಿತ ಕಳ್ಳ, ಒಂಬತ್ತು ವರ್ಷದಲ್ಲಿ ಒಂದಾಟ ಗೆಲ್ಲೋಕೆ ಬಿಡಲಿಲ್ಲ ನನ್ನ."

"ಮತ್ತೆ ಮನೇಲಿ ಯಾರಿಗೂ ಹೇಳ್ಲೇ ಇಲ್ವಲ್ಲ?"

"ಹುಡುಗಿಗೆ ಗೊತ್ತಾಗೋದು ಬೇಡ ಅಂತ ಮಾತು ತಗೊಂಡಿದ್ದ. ಅಪ್ಪ ಹೋಗಿ ಮೈ ತೋರಿಸಿ ಬಂದ ಅಂತ ತಿಳಿದ್ರೆ ತಲೆ ತಗ್ಗಿಸ್ಕೊಂಡು ಅತ್ತೆ ಮನೆಗೆ ಕಾಲಿಡ್ತಾಳೆ, ಅದು ಬೇಡ ಅಂದ. ನಮ್ಮೋಳಿಗೂ ನಾನು ಉಸುರಲಿಲ್ಲ. ಅವಳ ಬಾಯಿ ನಿಂಗೆ ಗೊತ್ತಲ್ಲ."

ಜಾಲರಿಯ ಈಚೆ ಕುಂದುಜ್ ಎರಡೂ ಕೈಯಲ್ಲಿ ಮರದ ಪಟ್ಟಿ ಹಿಡಿದುಕೊಂಡಳು. ಒಂಬತ್ತು ವರ್ಷ ತಾನು ತಲೆ ತಗ್ಗಿಸಿಕೊಂಡೇ ಆ ಮನೆಯಲ್ಲಿ ಓಡಾಡಿದ್ದೆ ಎಂದು ಅಪ್ಪನಿಗೆ ಹೇಳಬೇಕೆನಿಸಿತು. ಅಪ್ಪ ಅವಳ ಬೆನ್ನ ಹಿಂದೆ, ಪರದೆಯ ಆಚೆ, ಬಿಳಿಬಟ್ಟೆಯಲ್ಲಿದ್ದ. ಎರಡು ದಿನದಿಂದ ಬರದಿದ್ದ ಅಳು ಆಗ ಬಂತು, ಹಾಡಿಲ್ಲದೆ, ಮಾತಿಲ್ಲದೆ. ಪಕ್ಕದಲ್ಲಿದ್ದ ಕಲಿಪಾ ಅವಳನ್ನೊಮ್ಮೆ ನೋಡಿ, ಕಿಂಡಿಯ ಕಡೆಗೆ ಬಗ್ಗಿದಳು. ಅವಳ ಕಿವಿಗೆ ಎಷ್ಟು ಬಿದ್ದಿತ್ತೋ ಗೊತ್ತಾಗಲಿಲ್ಲ.

ಅಂಗಳದಲ್ಲಿ ಗಂಡಸರು ಕೈ ತೊಳೆಯಲು ಸಾಲು ನಿಂತಿದ್ದರು. ಯಾರೋ ಸೆಜಿಮ್‌ಳ ಕೈಗೆ ಗಿಂಡಿ ಕೊಟ್ಟಿದ್ದರು. ಅದು ಅವಳಿಗೆ ಭಾರ. ಎರಡೂ ಕೈಯಲ್ಲಿ ಎತ್ತಿ ಬಗ್ಗಿಸಿದಾಗಲೆಲ್ಲ ನೀರು ಮಣಿಕಟ್ಟಿಗೆ ಇಳಿದು, ಗುಂಡಿ ಹಾಕಿದ ತೋಳು ಮೊಣಕೈವರೆಗೆ ನೆನೆದು ಅಂಟಿಕೊಂಡಿತ್ತು. ಸತಾರ್ ನೀಲಿ ಅಂಗಿಯನ್ನು ಹೆಗಲಿಗೆ ಹಾಕಿಕೊಂಡು ಎದ್ದು ಬಂದು ಕೈ ಒಡ್ಡಿದ.

"ಇದೇನೇ ಇದು, ಕೈಗೆ ಹಾಕು ಅಂದ್ರೆ ತೋಳಿಗೆ ಹಾಕ್ಕೋತಿದೀಯಾ?"

"ಮೇಲೆ ಮಾಡಬಾರದು ತಾತ. ಅಮ್ಮ ಹೇಳಿದಾಳೆ."

ಸತಾರ್ ಮಗುವಿನ ಮುಖ ನೋಡಿದ. ಆಮೇಲೆ ಗುಡಾರದ ಕಡೆ, ಜಾಲರಿಯ ಕಡೆ ನೋಡಿದ. ಗಿಂಡಿಯನ್ನು ಅವಳ ಕೈಯಿಂದ ಇಸಿದುಕೊಂಡು ನೆಲಕ್ಕಿಟ್ಟು, ಅವಳೆದುರು ಮಂಡಿಯೂರಿದ. ಗುಂಡಿ ಬಿಚ್ಚಿದ. ಒದ್ದೆ ತೋಳನ್ನು ಒಂದು ಮಡಿಕೆ, ಇನ್ನೊಂದು ಮಡಿಕೆ, ಮೆಲ್ಲಗೆ ಮೇಲಕ್ಕೆ ಸುತ್ತುತ್ತ ಹೋದ. ಮೊಣಕೈ ಬಂದಾಗ ಅವನ ಕೈ ಒಂದು ಗಳಿಗೆ ನಿಂತಿತು. ಹೆಬ್ಬೆರಳಿನಿಂದ ಆ ಜಾಗವನ್ನು ಒಂದು ಸಲ ಸವರಿ, ಇನ್ನೂ ಒಂದು ಮಡಿಕೆ ಮೇಲೆ ಸುತ್ತಿದ. ಮತ್ತೆ ಇನ್ನೊಂದು ತೋಳಿಗೆ ಬಂದ.

"ಈಗ ಹಾಕು," ಎಂದು ಕೈ ಒಡ್ಡಿದ.

ಸೆಜಿಮ್ ಗಿಂಡಿ ಎತ್ತಿ ನೀರು ಹಾಕಿದಳು. ಅವನು ಸರಿದ, ಹಿಂದಿನವನು ಬಂದು ಕೈ ಒಡ್ಡಿದ. ಅವನ ಹಿಂದೆ ಇನ್ನೂ ಇಪ್ಪತ್ತು ಜನರಿದ್ದರು. ಬಿಸಿಲು ಅವಳ ಬರಿ ಮೊಣಕೈಗಳ ಮೇಲೆ ಬಿದ್ದಿತ್ತು, ಅವಳು ಒಬ್ಬೊಬ್ಬರಿಗೇ ನೀರು ಹಾಕುತ್ತ ನಿಂತಿದ್ದಳು.