ಶನಿಯ ಚಂದ್ರನಲ್ಲಿ ಹಗ್ಗ ಹಿಡಿದವರು

ಕಡಲತೀರದ ಮುಹರ್ರಕ್ ಊರಿನಲ್ಲಿ ನಮ್ಮ ಮನೆತನಕ್ಕೆ ಒಂದು ಅಡ್ಡಹೆಸರಿದೆ. ‘ಮುಖ ನೋಡಿದವನ ಮನೆ’ ಎನ್ನುತ್ತಾರೆ. ಏಳು ತಲೆಮಾರು ಕಳೆದರೂ ಆ ಹೆಸರು ಸವೆದಿಲ್ಲ. ಮೀನು ಮಾರುವವನೂ ಅದೇ ಹೆಸರು ಹಿಡಿದು ನಮ್ಮ ಓಣಿಯ ಗುರುತು ಹೇಳುತ್ತಾನೆ, ಹೆಣ್ಣು ಕೇಳಲು ಬಂದವರೂ ಒಳಗೆ ಕೂತ ಮೇಲೆ ಮೆಲ್ಲಗೆ ಅದನ್ನೇ ವಿಚಾರಿಸುತ್ತಾರೆ.

ನಮ್ಮ ಹಿರಿಯ ಫರಜ್ ಕಡಲಿನಿಂದ ಮುತ್ತು ತೆಗೆಯುವ ದೋಣಿಯಲ್ಲಿ ಹಗ್ಗ ಎಳೆಯುವವನು. ಮುಳುಗುವವನು ಸೊಂಟಕ್ಕೆ ಹಗ್ಗ, ಕಾಲಿಗೆ ಕಲ್ಲು ಕಟ್ಟಿಕೊಂಡು ಇಳಿಯುತ್ತಾನೆ. ಉಸಿರು ಮುಗಿದಾಗ ಹಗ್ಗವನ್ನು ಒಮ್ಮೆ ಜಗ್ಗುತ್ತಾನೆ. ಜಗ್ಗಿದೊಡನೆ ಮೇಲಿನವನು ಎಳೆಯಬೇಕು. ಆ ಹೊತ್ತಿನಲ್ಲಿ ನಾಖುದಾನ ಅಪ್ಪಣೆಯೂ ನಡೆಯದು. ದೋಣಿಯ ಒಡೆಯ ಅವನೇ ಇರಬಹುದು, ಆದರೆ ಮನುಷ್ಯ ನೀರಿನಲ್ಲಿರುವಷ್ಟು ಹೊತ್ತು ಒಡೆತನ ಹಗ್ಗದ್ದು. ಒಂದು ದಿನ ಬಿರುಗಾಳಿ ಎದ್ದಿತ್ತು. ಹಗ್ಗ ಬಿಟ್ಟು ಹಾಯಿ ಕಟ್ಟಿ ಎಂದು ನಾಖುದಾ ಕೂಗುತ್ತಿದ್ದ. ಅದೇ ಗಳಿಗೆಯಲ್ಲಿ ಫರಜ್‌ನ ಕೈಯಲ್ಲಿದ್ದ ಹಗ್ಗ ಜಗ್ಗಿತು. ಏನು ಮಾಡಲಿ ಎಂದು ಅವನು ನಾಖುದಾನ ಮುಖ ನೋಡಿದ. ನೋಡಿದ್ದು ಅಷ್ಟೇ, ಆಮೇಲೆ ಎಳೆದ. ಮೇಲೆ ಬಂದದ್ದು ಹೆಣ.

ಇದನ್ನು ಮೊದಲೇ ಹೇಳಿಬಿಟ್ಟೆ. ಇನ್ನು ಮುಂದಿನದು ನಾನು, ಫರ್ಹಾನ್, ಕಂಡದ್ದು. ನನ್ನ ಹಿರಿಮಗಳು ಹಿಸ್ಸಾ. ಹಾಗಾಗಿ ಎಲ್ಲರ ಬಾಯಲ್ಲೂ ನಾನು ಬೂ ಹಿಸ್ಸಾ, ಹಿಸ್ಸಾಳ ಅಪ್ಪ. ‘ದಾನಾ’ ಎಂಬ ಹಡಗಿನಲ್ಲಿ ಯಂತ್ರ ನೋಡಿಕೊಳ್ಳುವವನು. ಶನಿಯ ಬಳೆಗಳಿಂದ ಹಿಮಗಡ್ಡೆ ತುಂಬಿಕೊಂಡು ಅದರ ಚಂದ್ರ ಟೈಟನ್‌ನಲ್ಲಿರುವ ನಿಲ್ದಾಣಕ್ಕೆ ಹಾಕುವುದು ನಮ್ಮ ಕೆಲಸ. ಹಡಗು ಹಾರುವುದಾದರೂ ಅದರ ಯಜಮಾನನನ್ನು ನಾವು ನಾಖುದಾ ಎಂದೇ ಕರೆಯುತ್ತೇವೆ. ಬೇರೆ ದೇಶದವರು ನಗಲಿ, ಅವರಜ್ಜಂದಿರು ಸಮುದ್ರ ಕಂಡಿರಲಿಕ್ಕಿಲ್ಲ.

ಆಚೆಯವರು, ಮನುಷ್ಯರಲ್ಲದ ಬೇರೆ ಲೋಕದವರು, ಬಂದದ್ದು ನಾವು ಟೈಟನ್ ಬಿಟ್ಟ ಎರಡನೆಯ ದಿನ. ಒಂಬತ್ತು ಹಡಗು, ಸೂರ್ಯನ ಬೆಳಕು ಬಿದ್ದರೂ ಹೊಳೆಯದವು. ಟೈಟನ್‌ನವರು ರೇಡಿಯೋದಲ್ಲಿ ಅವರಿಗೆ ಸ್ವಾಗತ ಹೇಳತೊಡಗಿದರು. ಮಾತು ಅರ್ಧಕ್ಕೇ ನಿಂತಿತು, ಆಮೇಲೆ ನಿಲ್ದಾಣವಿದ್ದ ಜಾಗದಲ್ಲಿ ಹೊಗೆ ಮಾತ್ರ ಕಾಣಿಸಿತು. ಅವರು ರೇಡಿಯೋ ಮಾತನ್ನು ಮೂಸಿ ಹಿಡಿಯುತ್ತಾರೆ ಎಂದು ನಮಗೆ ಗೊತ್ತಾದದ್ದು ಹಾಗೆ. ನಾವು ಬಾಯಿ ಬಿಡದಿದ್ದರೂ ಯಂತ್ರದ ಬಿಸಿ ಮೂಸಿ ನಮಗೂ ಒಂದು ಏಟು ಕೊಟ್ಟರು. ಶನಿಯ ಇನ್ನೊಂದು ಚಂದ್ರ, ಮೈಯೆಲ್ಲ ಹಿಮಗಡ್ಡೆಯಾದ ಎನ್ಸೆಲಾಡಸ್ ಮೇಲೆ ಬಂದು ಬಿದ್ದೆವು. ನಮ್ಮ ನಾಖುದಾ ದುಐಜ್ ಕೂತ ಕುರ್ಚಿಯಲ್ಲೇ ತೀರಿಕೊಂಡ. ಹಡಗಿನ ಬಾಲ ಮುರಿದು, ಕಾದ ಲೋಹಕ್ಕೆ ಹಿಮ ಕರಗಿ, ಹನ್ನೆರಡು ಮಾರು ಆಳದ ನೀರಿಗೆ ಇಳಿದುಹೋಯಿತು. ಭೂಮಿಗೆ ಸುದ್ದಿ ಕಳಿಸುವ ಯಂತ್ರದ ಪೆಟ್ಟಿಗೆ ಇದ್ದದ್ದು ಅದೇ ಬಾಲದಲ್ಲಿ.

ಉಳಿದವರು ಮೂವರು. ನಾನು, ಉಪನಾಯಕಿ ಸಬೀಕಾ, ಚಾಲಕ ಗಾನಿಮ್. ಸಬೀಕಾಗೆ ಮೂವತ್ತನಾಲ್ಕು. ನಾಖುದಾ ಸತ್ತರೆ ಅಧಿಕಾರ ಅವಳಿಗೆ ಎಂದು ಕಾಗದದಲ್ಲಿದೆ. ಗಾನಿಮ್ ಅವಳಿಗಿಂತ ಹನ್ನೊಂದು ವರ್ಷ ದೊಡ್ಡವನು, ಆರು ತಲೆಮಾರು ನಾಖುದಾಗಳನ್ನೇ ಹೆತ್ತ ಮನೆಯವನು. ಅದನ್ನು ಅವನು ದಿನಕ್ಕೆ ನಾಲ್ಕು ಸಲ ನೆನಪಿಸುತ್ತಾನೆ.

ದುಐಜ್‌ನನ್ನು ಹಿಮದಲ್ಲಿ ಮಣ್ಣು ಮಾಡಿ, ನಮಾಜು ಮುಗಿಸಿ, ಒಳಗೆ ಬಂದು ನಾನು ಕಾಫಿ ಕಾಸಿದೆ. ಏಲಕ್ಕಿ ಒಂದಿಷ್ಟು ಉಳಿದಿತ್ತು. ಹಡಗಿನಲ್ಲಿ ಮೊದಲ ಬಟ್ಟಲು ನಾಖುದಾನದು. ನಾನು ಕೆಟಲ್ ಎತ್ತಿದೆ, ಇಬ್ಬರೂ ಕೈ ಚಾಚಿದರು. ಇಬ್ಬರ ಕೈಯೂ ಹಿಂದೆ ಸರಿಯಲಿಲ್ಲ. ನನಗೆ ರೇಗಿತು. ಬಗ್ಗಿಸಿದ ಕಾಫಿಯನ್ನು ನಾನೇ ಕುಡಿದೆ.

“ಇದೇನು ಬೂ ಹಿಸ್ಸಾ,” ಎಂದ ಗಾನಿಮ್.

“ನೀವಿಬ್ಬರೂ ಜಗಳ ಮುಗಿಸಿ. ಅಷ್ಟರಲ್ಲಿ ಆರಿ ಹೋಗುತ್ತೆ,” ಎಂದೆ.

ಜಗಳ ಮುಗಿಯಲಿಲ್ಲ. ಪೆಟ್ಟಿಗೆ ಎತ್ತಬೇಕು, ಭೂಮಿಗೆ ಸುದ್ದಿ ಕಳಿಸಬೇಕು ಎಂದು ಸಬೀಕಾ ಪಟ್ಟು ಹಿಡಿದಳು.

“ಕಳಿಸಿದ ಮರುಗಳಿಗೆಗೆ ನಮ್ಮನ್ನ ಸುಟ್ಟು ಬೂದಿ ಮಾಡ್ತಾರೆ ತಂಗಿ,” ಎಂದ ಗಾನಿಮ್. “ಬಾಯಿ ಮುಚ್ಚಿಕೊಂಡು ಕೂತರೆ ಏಳು ತಿಂಗಳಿಗೆ ಸಾಲೋವಷ್ಟು ಅನ್ನ ಇದೆ. ಅವರು ಹೋಗ್ತಾರೆ. ನಮ್ಮನ್ನ ಹುಡುಕಿಕೊಂಡು ಯಾರಾದರೂ ಬರ್ತಾರೆ.”

“ಎಲ್ಲಿಂದ ಬರ್ತಾರೆ? ಆಚೆಯವರು ಹೊರಟಿರೋದು ಭೂಮಿಗೇ. ಟೈಟನ್ ರೇಡಿಯೋ ತಿಂಗಳಿಗೊಂದು ಸಲ ಕೆಡ್ತಿತ್ತು, ಈಗಲೂ ಕೆಟ್ಟಿದೆ ಅಂದ್ಕೊಂಡು ಊರಲ್ಲಿ ಎಲ್ಲರೂ ಹಾಯಾಗಿದ್ದಾರೆ. ಆಮೇಲೆ, ನನ್ನನ್ನ ತಂಗಿ ಅನ್ನಬೇಡಿ. ನಾಖುದಾ ಅನ್ನಿ.”

“ನಾಖುದಾ ಅನ್ನೋದು ಕಾಗದದಲ್ಲಿ ಬರೆದುಕೊಡೋ ಮಾತಲ್ಲ. ಅದು ರಕ್ತದಲ್ಲಿ ಬರಬೇಕು.”

“ರಕ್ತ ನಿಮ್ಮಲ್ಲಿರಲಿ. ಕಾಗದ ನನ್ನ ಹತ್ರ ಇದೆ.”

ಇಬ್ಬರಲ್ಲಿ ಯಾರು ಸರಿ ಎಂದು ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಕೇಳಲಿಲ್ಲ. ನನ್ನ ಹಿಸ್ಸಾ ಭೂಮಿಯಲ್ಲಿದ್ದಾಳೆ, ಅವಳ ಎರಡು ಮಕ್ಕಳಿದ್ದಾರೆ. ನನ್ನ ಉತ್ತರ ಅಲ್ಲಿತ್ತು.

ಸಬೀಕಾ ಮಾತು ಬೆಳೆಸಲಿಲ್ಲ. ಹೊರಗೆ ಹೋದಳು, ನಾವಿಬ್ಬರೂ ಹಿಂದೆ ಹೋದೆವು. ಬಾಲ ಮುಳುಗಿದ ಕುಳಿಯ ಬಾಯಿ ಹೆಪ್ಪುಗಟ್ಟಿತ್ತು, ಅದನ್ನು ಒಡೆದಳು. ಒಂದು ಕಬ್ಬಿಣದ ಭಾರವನ್ನು ತನ್ನ ಕಾಲಿಗೆ ಕಟ್ಟಿಕೊಳ್ಳತೊಡಗಿದಳು. ರೇಡಿಯೋ ಬಳಸುವಂತಿಲ್ಲವಾದ್ದರಿಂದ ನಾವು ಹೆಲ್ಮೆಟ್‌ಗೆ ಹೆಲ್ಮೆಟ್ ತಾಗಿಸಿ ಮಾತಾಡುತ್ತಿದ್ದೆವು. ಗಾನಿಮ್ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ಗಂಟನ್ನೇ ನೋಡಿದ. ನಾನೂ ತಲೆ ತಾಗಿಸಿದೆ. ಮೂವರ ತಲೆಗಳೂ ಒಂದಕ್ಕೊಂದು ಒತ್ತಿಕೊಂಡಿದ್ದವು.

“ಈ ಗಂಟು ನಿಮಗೆ ಯಾರು ಕಲಿಸಿದ್ದು?” ಎಂದ ಗಾನಿಮ್.

“ಯಾರೂ ಇಲ್ಲ.”

“ಗೊತ್ತಾಗ್ತಿದೆ. ಇದನ್ನ ಕೆಳಗೆ ಬಿಚ್ಚೋಕೆ ಬರೋಲ್ಲ. ಇದನ್ನ ಕಟ್ಟಿಕೊಂಡವರು ಅಲ್ಲೇ ಸಂಸಾರ ಹೂಡಬೇಕು.” ಅವನು ಅವಳ ಕಾಲಿನಿಂದ ಭಾರವನ್ನು ಬಿಚ್ಚಿ ತನ್ನ ಕಾಲಿಗೆ ಕಟ್ಟಿಕೊಂಡ. ಒಂದೇ ಕೈಯಲ್ಲಿ ಎಳೆದರೆ ಕಳಚುವ, ನಮ್ಮೂರ ಮುಳುಗುವವರ ಗಂಟು. “ನಿಮ್ಮ ಅಪ್ಪಣೆಗೆ ಇಳೀತಿಲ್ಲ, ತಿಳೀತಾ? ಆ ಗಂಟು ನೋಡಿಕೊಂಡು ನನ್ನ ಕೈಲಿ ಸುಮ್ನೆ ಇರೋಕಾಗಲ್ಲ.”

ಆಮೇಲೆ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಅದರ ಇನ್ನೊಂದು ತುದಿ ನನ್ನ ಕೈಯಲ್ಲಿರುವುದನ್ನು ಕಂಡ.

“ಯಂತ್ರದ ರಾಟೆ ಇದೆಯಲ್ಲ, ಅದಕ್ಕೇ ಕಟ್ಟಿ,” ಎಂದ. “ನಿಮ್ಮ ಮನೆತನದ ಕೈಗೆ ಹಗ್ಗ ಕೊಟ್ಟು ನಮ್ಮೂರಿನವರು ಯಾರೂ ಇಳಿದಿಲ್ಲ ಬೂ ಹಿಸ್ಸಾ. ತಪ್ಪು ತಿಳೀಬೇಡಿ.”

ತಪ್ಪು ತಿಳಿಯದೆ ಇನ್ನೇನು ತಿಳಿಯಲಿ? ಐವತ್ತೆಂಟು ವರ್ಷ ಬದುಕಿ, ಶನಿಯವರೆಗೆ ಬಂದರೂ ಆ ಮಾತು ನನ್ನ ಬೆನ್ನು ಬಿಟ್ಟಿರಲಿಲ್ಲ. ಆದರೂ ಹಗ್ಗವನ್ನು ರಾಟೆಗೆ ಸುತ್ತಿದೆ. ಸುತ್ತಿ, ಕುಳಿಯ ಕಡೆಯ ಹಗ್ಗವನ್ನು ನನ್ನ ಅಂಗೈಯಲ್ಲೂ ಹಿಡಿದುಕೊಂಡೆ. ಅವನು ನೀರಿಗೆ ಕಾಲು ಚಾಚಿ ಕೂತ, ಜಾರಿದ, ಹೋದ.

ನೀರು ಅವನ ಹಿಂದೆಯೇ ಮುಚ್ಚಿಕೊಂಡಿತು. ಇಲ್ಲಿ ನೀರಿನ ಮೇಲ್ಮೈ ಕುದಿಯುತ್ತಲೇ ಹೆಪ್ಪುಗಟ್ಟುತ್ತದೆ. ಸಬೀಕಾ ಸಲಾಕೆಯಿಂದ ಒಡೆಯುತ್ತಿದ್ದಳು, ಅದು ಮತ್ತೆ ಗಂಜಿಯಂತೆ ಗಟ್ಟಿಯಾಗುತ್ತಿತ್ತು. ಹನ್ನೆರಡು ಮಾರು ಹಗ್ಗ ಇಳಿದು ನಿಂತಿತು. ಅವನು ಬಾಲದೊಳಗೆ ಪೆಟ್ಟಿಗೆ ಹುಡುಕುತ್ತಿರುವುದು ಬೆರಳುಗಳಿಗೆ ತಿಳಿಯುತ್ತಿತ್ತು. ಅವನ ಉಡುಪು ನೀರಿಗೆ ಮಾಡಿದ್ದಲ್ಲ. ಇಪ್ಪತ್ತು ನಿಮಿಷಕ್ಕೆ ಚಳಿ ಒಳಗೆ ಬರುತ್ತದೆಂದು ಲೆಕ್ಕ ಹಾಕಿದ್ದೆವು.

ಹದಿನೇಳನೆಯ ನಿಮಿಷಕ್ಕೆ ಸಬೀಕಾ ನನ್ನ ಭುಜ ಹಿಡಿದು ಮೇಲೆ ತೋರಿಸಿದಳು. ಶನಿಯ ಬಳೆಗಳ ಮುಂದೆ ಒಂದು ಕಪ್ಪು ಚುಕ್ಕೆ. ನೋಡುತ್ತಿದ್ದಂತೆ ಅದು ದೊಡ್ಡದಾಯಿತು. ಒಂಬತ್ತರಲ್ಲಿ ಒಂದು ನಮ್ಮ ಚಂದ್ರನನ್ನು ಸುತ್ತಿ ನೋಡಲು ಬಂದಿತ್ತು.

ಅವಳು ಹೋಗಿ ರಾಟೆಯ ವಿದ್ಯುತ್ ತಂತಿಯನ್ನು ಕಿತ್ತಳು. ಬಂದು ಹೆಲ್ಮೆಟ್ ತಾಗಿಸಿದಳು. “ಅಲುಗಾಡಬೇಡಿ. ಬಿಸಿ ಹೊರಗೆ ಹೋಗಬಾರದು. ಅದು ದಾಟಿ ಹೋಗೋಕೆ ಹತ್ತು ನಿಮಿಷ ಬೇಕು. ಅಲ್ಲೀವರೆಗೂ ಇಬ್ಬರೂ ಕಲ್ಲಾಗಿರೋಣ. ಇದು ನಾಖುದಾ ಅಪ್ಪಣೆ.”

ಅಪ್ಪಣೆ ಸರಿಯಾಗಿಯೇ ಇತ್ತು. ಅದು ನನಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತು. ನಾವು ಸತ್ತರೆ ಸುದ್ದಿ ಹೋಗುವುದಿಲ್ಲ. ಸುದ್ದಿ ಹೋಗದಿದ್ದರೆ ಹಿಸ್ಸಾ, ಅವಳ ಮಕ್ಕಳು, ಮುಹರ್ರಕ್, ಯಾವುದೂ ಉಳಿಯುವುದಿಲ್ಲ. ಒಂದು ಕಡೆ ಅಷ್ಟೆಲ್ಲ, ಇನ್ನೊಂದು ಕಡೆ ನನ್ನನ್ನು ಹಂಗಿಸಿದ ಒಬ್ಬ ಮನುಷ್ಯ.

ಆಗ ಹಗ್ಗ ಜಗ್ಗಿತು. ಒಮ್ಮೆ.

ನಾನು ಯೋಚಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಯೋಚಿಸುವ ಮೊದಲೇ ನನ್ನ ಕೈ ಎಳೆಯುತ್ತಿತ್ತು. ಏಳು ತಲೆಮಾರಿನಿಂದ ನಮ್ಮ ಮನೆಯಲ್ಲಿ ಹುಟ್ಟಿದ ಪ್ರತಿ ಗಂಡಸೂ ಆ ಒಂದು ಜಗ್ಗಿಗಾಗಿ ಕಾದಿದ್ದಾನೆ. ನನ್ನ ಅಪ್ಪ ಕಾದಿದ್ದ. ಅವನ ಕೈಗೆ ಯಾರೂ ಹಗ್ಗ ಕೊಡಲಿಲ್ಲ.

ಸಬೀಕಾ ನನ್ನ ಮುಂಗೈ ಹಿಡಿದಳು. ಹೆಲ್ಮೆಟ್ ಬಡಿದು, “ಬೇಡ ಅಂದೆ ಬೂ ಹಿಸ್ಸಾ, ನಿಲ್ಲಿಸಿ,” ಎಂದಳು. ನಾನು ಕುಳಿಯ ಮೇಲಿಂದ ಕಣ್ಣು ತೆಗೆಯಲಿಲ್ಲ.

“ಮನುಷ್ಯ ನೀರಲ್ಲಿದ್ದಾನೆ,” ಎಂದೆ. “ನೀವು ನಾಖುದಾನೇ, ನಾನು ಒಪ್ಪಿದ್ದೀನಿ. ಆದರೆ ಈಗ ನೀವಲ್ಲ.”

ಎಳೆಯುವುದೇನೋ ಎಳೆದೆ, ಅವನು ಬರಲಿಲ್ಲ. ನಾನೇ ಕುಳಿಯ ಕಡೆ ಜಾರತೊಡಗಿದೆ. ಈ ಚಂದ್ರನ ಮೇಲೆ ಉಡುಪು ಸಮೇತ ನನ್ನ ತೂಕ ಒಂದು ಕೋಳಿಯಷ್ಟಿಲ್ಲ. ಕೆಳಗೆ ಗಂಜಿಯಾದ ನೀರು ಅವನನ್ನು ಹಿಡಿದುಕೊಂಡಿತ್ತು, ಮೇಲೆ ನನಗೆ ಕಾಲೂರಲು ಏನೂ ಇರಲಿಲ್ಲ. ಹಿಮ್ಮಡಿ ಒತ್ತಿದಲ್ಲೆಲ್ಲ ಹಿಮ ಪುಡಿಯಾಗುತ್ತಿತ್ತು. ಕುಳಿಯ ಬಾಯಿ ನನ್ನ ಮೊಣಕಾಲಿಗೆ ಬಂತು. ಹಗ್ಗ ಬಿಡಲಿಲ್ಲ. ಹೋದರೆ ಇಬ್ಬರೂ ಹೋಗುತ್ತೇವೆ ಎಂದುಕೊಂಡೆ. ಆ ಕ್ಷಣದಲ್ಲಿ ನನಗೆ ಹೆಮ್ಮೆಯೇ ಆಗುತ್ತಿತ್ತು, ಮುಚ್ಚಿಡುವುದೇಕೆ.

ಅಷ್ಟರಲ್ಲಿ ಯಾರೋ ನನ್ನ ಸೊಂಟವನ್ನು ತಬ್ಬಿ ಹಿಡಿದರು. ಸಬೀಕಾ ಹಿಂದೆ ಮಲಗಿ ತನ್ನ ಎರಡೂ ಪಾದಗಳನ್ನು ಹಡಗಿನ ಮುರಿದ ಕಾಲಿಗೆ ಒತ್ತಿಕೊಂಡಿದ್ದಳು. ಬೆಳಿಗ್ಗೆಯಿಂದ ಅಪ್ಪಣೆ ಅಪ್ಪಣೆ ಎನ್ನುತ್ತಿದ್ದವಳು, ಮೊದಲ ಅಪ್ಪಣೆ ಮುರಿದವನನ್ನು ಹಿಡಿದುಕೊಂಡು ಮಲಗಿದ್ದಳು. ಅವಳ ಹೆಲ್ಮೆಟ್ ನನ್ನ ಬೆನ್ನಿಗೆ ತಾಗಿತ್ತು.

“ಎಳೀರಿ. ನಿಧಾನ, ಉಸಿರು ಜೋರು ಬಿಡಬೇಡಿ, ಮೈ ಬಿಸಿಯಾಗುತ್ತೆ. ನಾನು ಎಣಿಸ್ತೀನಿ. ನಾಲ್ಕಕ್ಕೊಂದು ಸಲ.”

ಅವಳು ಎಣಿಸಿದಳು, ನಾನು ಎಳೆದೆ. ಆ ಕಪ್ಪು ಹಡಗು ನಮ್ಮ ನೆತ್ತಿಯ ಮೇಲೆ ಬಂತು. ಅದರ ನೆರಳು ಹಿಮದ ಮೇಲೆ ಹರಿದು, ನಮ್ಮನ್ನು ಮುಚ್ಚಿ, ಬಹಳ ಹೊತ್ತು ಅಲ್ಲೇ ನಿಂತಂತೆ ಕಂಡಿತು. ನಾನು ಮೇಲೆ ನೋಡಲಿಲ್ಲ. ಒಂದು ಮಾರು. ಇನ್ನೊಂದು ಮಾರು. ಅವಳು ಒಂದು ಸಲವೂ ಎಣಿಕೆ ತಪ್ಪಲಿಲ್ಲ. ನೆರಳು ಸರಿದು ಬೆಳಕು ಬಂದಾಗ ಗಾನಿಮ್‌ನ ಹೆಲ್ಮೆಟ್ ಗಂಜಿಯನ್ನು ಸೀಳಿಕೊಂಡು ಮೇಲೆ ಬಂತು. ಎದೆಗೆ ಅವುಚಿಕೊಂಡಿದ್ದ ಪೆಟ್ಟಿಗೆ ಖರ್ಜೂರದ ಡಬ್ಬಿಗಿಂತ ದೊಡ್ಡದೇನಲ್ಲ.

ಒಳಗೆ ತಂದು ಹೊದಿಕೆ ಹೊದಿಸಿದ ಮೇಲೂ ಅವನ ಹಲ್ಲು ಬಹಳ ಹೊತ್ತು ಕಟಕಟ ಎನ್ನುತ್ತಿತ್ತು. ಮಾತು ಬಂದಾಗ ಮೊದಲು ಕೇಳಿದ್ದು, “ರಾಟೆ ಯಾಕೆ ತಿರುಗಲಿಲ್ಲ?”

“ನಾನೇ ನಿಲ್ಲಿಸಿದೆ,” ಎಂದಳು ಸಬೀಕಾ. “ಅವರ ಹಡಗು ತಲೆ ಮೇಲಿತ್ತು. ಬೂ ಹಿಸ್ಸಾಗೂ ಬೇಡ ಅಂತ ಅಪ್ಪಣೆ ಕೊಟ್ಟೆ.”

“ಮತ್ತೆ?”

“ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.”

ಗಾನಿಮ್ ನನ್ನನ್ನು ನೋಡಿದ. “ಹೌದು. ಜಗ್ಗಿದೆ, ತಕ್ಷಣ ಬಿಗಿ ಆಯ್ತು,” ಎಂದ. ಆಮೇಲೆ ಹೊದಿಕೆಯೊಳಗೆ ಮುಖ ಮಾಡಿಕೊಂಡ. ನಾನು ಕಾಫಿ ಕಾಸಿದೆ. ಬಗ್ಗಿಸಿ ಅವನ ಕಡೆಗೇ ಚಾಚಿದೆ, ಚಳಿ ಹಿಡಿದವನು ಅವನಲ್ಲವೇ ಎಂದು. ಅವನು ಮುಟ್ಟಲಿಲ್ಲ.

“ಮೊದಲು ನಾಖುದಾಗೆ ಕೊಡಿ,” ಎಂದ. “ಪದ್ಧತಿ ಮರೆತಿರಾ?”

ಸಬೀಕಾ ಬಟ್ಟಲು ತೆಗೆದುಕೊಂಡು, ಒಂದು ಗುಟುಕು ಕುಡಿದು, ಅದನ್ನೇ ಅವನಿಗೆ ದಾಟಿಸಿದಳು. ಸುದ್ದಿ ಕಳಿಸುವುದೋ ಬೇಡವೋ ಎಂಬ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ. ಬಟ್ಟಲು ಖಾಲಿ ಮಾಡಿದವನೇ ಗಾನಿಮ್ ಎದ್ದು ಪೆಟ್ಟಿಗೆ ಒರೆಸಲು ಕೂತ.

ಸುದ್ದಿ ಹೋಗಿ ಈಗ ಅರ್ಧ ಗಂಟೆಯಾಯಿತು. ಭೂಮಿ ಮುಟ್ಟಲು ಇನ್ನೂ ಐವತ್ತು ನಿಮಿಷ ಬೇಕು. ಅದನ್ನು ತಡೆಯುವುದು ಆಚೆಯವರ ಕೈಲೂ ಆಗದು, ಬೆಳಕನ್ನು ಓಡಿ ಹಿಡಿಯುವವರು ಯಾರಿದ್ದಾರೆ. ಒಂಬತ್ತರಲ್ಲಿ ಎರಡು ಹಡಗು ನಮ್ಮ ಕಡೆ ತಿರುಗಿವೆ. “ಊರಿಗೆ ಎರಡು ಕಡಿಮೆ ಆಯ್ತು,” ಎಂದಳು ನಾಖುದಾ. ಅವು ಬರುವಷ್ಟರಲ್ಲಿ ಮೂವರೂ ಕುಳಿಗಿಳಿದು, ಮುರಿದ ಬಾಲದೊಳಗೆ ಗಾಳಿ ತುಂಬಿಕೊಂಡು, ಹಿಮದಡಿ ಅಡಗುವ ಯೋಚನೆ ಅವಳದು. ಗಾನಿಮ್ ನಮಗಿಬ್ಬರಿಗೂ ಗಂಟು ಕಲಿಸುತ್ತಿದ್ದಾನೆ, ಬೈಯುತ್ತಾ ಕಲಿಸುತ್ತಿದ್ದಾನೆ. ಉಳಿಯುತ್ತೇವೋ ಇಲ್ಲವೋ ಗೊತ್ತಿಲ್ಲ. ಅದಕ್ಕೇ ಇಷ್ಟನ್ನೂ ಬರೆದು, ಹಿಸ್ಸಾ, ನಿನ್ನ ಹೆಸರಿಗೆ ಆ ಸುದ್ದಿಯ ಹಿಂದೆಯೇ ಕಳಿಸುತ್ತಿದ್ದೇನೆ.

ಸುದ್ದಿಯ ಕೊನೆಗೆ ಹಡಗಿನವರ ಹೆಸರು ಹಾಕುವ ಜಾಗವಿತ್ತು. ಸಬೀಕಾ ತುಂಬಲು ಹೋದಾಗ ಗಾನಿಮ್ ಅವಳನ್ನು ಪಕ್ಕಕ್ಕೆ ಸರಿಸಿ ತಾನೇ ತುಂಬಿದ. ಭೂಮಿಯಲ್ಲಿ ಎಲ್ಲರೂ ಅದನ್ನು ಓದುತ್ತಾರೆ. ನೀನು ಮಾತ್ರ ನಮ್ಮ ಓಣಿಯ ಬಾಯಲ್ಲಿ ನಿಂತು, ಮೀನು ಮಾರುವವನಿಗೂ ಕೇಳುವಂತೆ ಗಟ್ಟಿಯಾಗಿ ಓದು. ಅವನು ಬರೆದದ್ದು ಇಷ್ಟು:

ಹಡಗು, ದಾನಾ. ನಾಖುದಾ, ಸಬೀಕಾ. ಮುಳುಗಿದವನು, ಗಾನಿಮ್. ಹಗ್ಗ ಹಿಡಿದವನು, ಫರ್ಹಾನ್. ಮುಖ ನೋಡಲಿಲ್ಲ.