ಗೋಡೆಯೊಳಗಿನ ಉಪ್ಪು

ನಮ್ಮ ಊರಿನ ನೀರು ಎಂಥ ಗಡಸೆಂದರೆ, ಸೋಪು ಸವೆದರೂ ನೊರೆ ಬರುವುದಿಲ್ಲ, ಕಾಳು ಎಷ್ಟು ಕುದಿಸಿದರೂ ಬೇಯುವುದಿಲ್ಲ. ನಾಲ್ಕು ದಿನಕ್ಕೊಮ್ಮೆ ಬರುವ ಆ ದರಿದ್ರ ನೀರೂ ಈಚೆಗೆ ನೂಲಿನಷ್ಟು ಸಣ್ಣಗಾಗಿತ್ತು. ಪೈಪಿನೊಳಗೆ ಉಪ್ಪು ಕಟ್ಟಿತ್ತು. ಹತ್ತು ವರ್ಷ ಅದಕ್ಕೆ ಶಾಪ ಹಾಕಿ ಸಾಕಾಗಿ, ನಿನ್ನೆ ನಾನೇ ನಲ್ಲಿ ಬಿಚ್ಚಿ, ಪೈಪಿನೊಳಗೆ ಒಂದು ಬಾಟಲಿ ಆ್ಯಸಿಡ್ ಸುರಿದೆ.

ಇಂದು ಬೆಳಿಗ್ಗೆ ನೀರು ಬಂತು. ನಲ್ಲಿಯಲ್ಲಲ್ಲ, ಅಡುಗೆಮನೆಯ ಗೋಡೆಯಲ್ಲಿ, ಐದು ಕಡೆ. ನಾನೂ ಅತ್ತೆಯೂ ಹಳೆ ಬಟ್ಟೆ ಒತ್ತಿ ಹಿಡಿದು ನಿಂತೆವು.

"ನೆಗಡಿ ಬಂತು ಅಂತ ಯಾರಾದ್ರೂ ಮೂಗು ಕೊಯ್ಕೋತಾರೇನೇ?" ಎಂದು ಅತ್ತೆ ಕಿರುಚಿದರು.

ನನ್ನ ಗಂಡ ಪ್ಲಂಬರನ್ನು ಕರೆತರುವಷ್ಟರಲ್ಲಿ ನೀರು ಹಾಸಿಗೆಯವರೆಗೂ ಹರಿದಿತ್ತು. ಪ್ಲಂಬರ್ ಬೀದಿಯ ವಾಲ್ವ್ ಮುಚ್ಚಿ ಬಂದು, ಗೋಡೆ ಒಡೆದು ಪೈಪನ್ನು ಎಳೆದ. ಅದು ಅವನ ಕೈಯಲ್ಲೇ ಪುಡಿಯಾಯಿತು.

"ಪೈಪನ್ನ ಯಾವತ್ತೋ ತುಕ್ಕು ತಿಂದು ಹಾಕಿದೆ, ಅಕ್ಕ. ಒಳಗೆ ಕಟ್ಟಿದ್ದ ಉಪ್ಪೇ ಇಷ್ಟು ದಿನ ನಿಮಗೆ ಪೈಪಾಗಿತ್ತು."

ನಾನು ಬಗ್ಗಿ, ಮತ್ತೆ ಅಂಟಿಸಬಹುದೇನೋ ಎಂಬಂತೆ, ನೀರಿನಲ್ಲಿ ಬಿದ್ದಿದ್ದ ಬಿಳಿ ಉಪ್ಪಿನ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದೆ.